ಗಿಣಿಗೇರಿ ದಾರಿಗೊಂದು ಕೆಂಪು ದೀಪ

“ತಮ್ಮಾ, ಸೈಕಲ್ ಐತಿ ಅನ್ನೂದ ನನಗ ಗೊತ್ತಾಗಲಿಲ್ಲ. ಏನೋ ಕರಿ ಚೀಲ ರಸ್ತೆದಾಗ ಬಿದ್ದಂಗ ಕಂಡ್ತು. ಹತ್ರ ಬಂದು ನೋಡ್ತೀನಿ, ಮನಷ್ಯಾ!”

ಡಿಸೆಂಬರ್ ತಿಂಗಳು, ಬೆಳಗಿನ ಐದೂಮುಕ್ಕಾಲು. ಗಿಣಿಗೇರಿ ಹತ್ತಿರದ ಚಹಾದಂಗಡಿ ಮುಂದೆ ಲಾರಿ ಡ್ರೈವರೊಬ್ಬರು ನನಗೆ ಹೇಳಿದ ಮಾತಿದು. ಅದಕ್ಕೆ ಹತ್ತು ನಿಮಿಷ ಮೊದಲು ಅವರ ಲಾರಿ ನನ್ನ ಬಲಗೈಯಿಂದ ಒಂದು ಮೊಳ ದೂರದಲ್ಲಿ ಹಾದುಹೋಗಿತ್ತು. ಆ ಗಾಳಿಯ ಹೊಡೆತಕ್ಕೆ ನಾನು ಡಾಂಬರು ಬಿಟ್ಟು ಗರಸಿಗೆ ಇಳಿದೆ. ಬೀಳಲಿಲ್ಲ. ಬುತ್ತಿ ಡಬ್ಬಿ ಮಾತ್ರ ಕ್ಯಾರಿಯರ್‌ನಿಂದ ಹಾರಿ ಮುಚ್ಚಳ ಬಿಚ್ಚಿ, ರೊಟ್ಟಿ, ಪುಂಡಿಪಲ್ಯ ಎಲ್ಲ ಮಣ್ಣುಪಾಲಾಯಿತು. ಚಹಾದಂಗಡಿ ಮುಂದೆ ಅದೇ ಲಾರಿ ನಿಂತದ್ದು ಕಂಡು ಜಗಳಕ್ಕೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆತ ಇಳಿದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕೈ ನಡುಗುತ್ತಿತ್ತು. ಜಗಳ ಅಲ್ಲೇ ಸತ್ತಿತು.

ನಾನಿರುವುದು ಕೊಪ್ಪಳ ಪಕ್ಕದ ಭಾಗ್ಯನಗರದಲ್ಲಿ. ಕೆಲಸ ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯ ವೇ ಬ್ರಿಡ್ಜ್‌ನಲ್ಲಿ, ಲಾರಿ ತೂಗಿ ಚೀಟಿ ಕೊಡುವುದು. ಒಂದು ಕಡೆಗೆ 11 ಕಿಲೋಮೀಟರ್ ಚಿಲ್ಲರೆ. ಎ ಶಿಫ್ಟ್ ಇದ್ದ ವಾರ ಬೆಳಿಗ್ಗೆ 6ಕ್ಕೆ ಹಾಜರಿ, 5ಕ್ಕೆಲ್ಲ ಮನೆ ಬಿಡಬೇಕು. ಬಿ ಶಿಫ್ಟ್ ಬಿಡುವುದು ರಾತ್ರಿ 10ಕ್ಕೆ. ಯಾವ ವಾರವಾದರೂ ಒಂದು ಹೊತ್ತಿನ ಸವಾರಿ ಕತ್ತಲಲ್ಲೇ. ದಾರಿಯೋ, ಅಂಕೋಲಾ–ಗುತ್ತಿ ಹೆದ್ದಾರಿ. ಮೊದಲು 63 ಅಂತಿತ್ತು, ಈಗ 67. ಅದಿರು, ಕಲ್ಲಿದ್ದಲು, ಕಬ್ಬಿಣ ಹೊತ್ತ ಲಾರಿಗಳಿಗೆ ಹಗಲೂ ಒಂದೇ ರಾತ್ರಿಯೂ ಒಂದೇ.

ನನ್ನ ಸೈಕಲ್ಲಿಗೆ ಹಿಂದೆ ರಿಫ್ಲೆಕ್ಟರ್ ಇತ್ತು. ಅದನ್ನೇ ನಂಬಿಕೊಂಡು ಎರಡು ವರ್ಷ ಓಡಾಡಿದ್ದೆ. ಅವತ್ತು ಚಹಾ ಕುಡಿದು ಬಂದು ಬಗ್ಗಿ ನೋಡಿದರೆ, ಕ್ಯಾರಿಯರ್‌ಗೆ ಕಟ್ಟಿದ ಚೀಲದ ತುದಿ ಜೋತುಬಿದ್ದು ಅದನ್ನು ಅರ್ಧ ಮುಚ್ಚಿತ್ತು. ಉಳಿದರ್ಧದ ಮೇಲೆ ನಮ್ಮ ಕಡೆಯ ಕರಿ ಧೂಳು. ಹೆಬ್ಬೆರಳಿನಿಂದ ಒರೆಸಿದೆ, ಬೆರಳು ಕಾಡಿಗೆ ಹಚ್ಚಿದಂತಾಯಿತು. ರಿಫ್ಲೆಕ್ಟರ್‌ಗೆ ಸ್ವಂತ ಬೆಳಕಿಲ್ಲ. ಹೆಡ್‌ಲೈಟ್ ತನ್ನ ಮೇಲೆ ಬಿದ್ದರೆ ಆ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ, ಅಷ್ಟೇ. ಲಾರಿಯವರು ಡಿಮ್‌ನಲ್ಲಿದ್ದರೆ, ಅಥವಾ ಅವರ ಹೆಡ್‌ಲೈಟ್ ಗಾಜೇ ಧೂಳು ಹಿಡಿದಿದ್ದರೆ, ಅದು ಹೊಳೆಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಕತ್ತಲಲ್ಲಿ ಹೋಗುವವನ ಬಳಿ ತಾನೇ ಉರಿಯುವ ದೀಪವೊಂದು ಇರಬೇಕು ಎಂಬುದು ಅವತ್ತು ನನ್ನ ತಲೆಗೆ ಹೊಕ್ಕಿತು.

ಅಪ್ಪನ ಸೈಕಲ್ಲಿಗೆ ಡೈನಮೋ ಇತ್ತು. ಟೈರಿಗೆ ಉಜ್ಜಿಕೊಂಡು ‘ಗುಂಯ್’ ಎನ್ನುತ್ತಿದ್ದ ಬಾಟಲಿ ಡೈನಮೋ, 6 ವೋಲ್ಟ್, 3 ವ್ಯಾಟ್. ಅದರಲ್ಲಿ ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕೆ 0.6. ಮುಂದಿನ ಬಲ್ಬು ಸುಟ್ಟರೆ ಇಡೀ ಕರೆಂಟು ಹಿಂದಿನ ಪುಟ್ಟ ಬಲ್ಬಿಗೆ ನುಗ್ಗಿ ಅದೂ ಸುಡುತ್ತಿತ್ತು. ಏರಿನಲ್ಲಿ ನಿಧಾನವಾದರೆ ದೀಪ ಮಂಕು, ನಿಂತರೆ ಕತ್ತಲೆ. ನೇಯ್ದ ಸೀರೆಗಳನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ರಾತ್ರಿ ಬರುತ್ತಿದ್ದ ಅಪ್ಪ, ಮನೆ ಮುಂದೆ ಬಂದಾಗ ದೀಪ ಆರುವುದನ್ನು ನೋಡಿಯೇ ನಾವು ಬಾಗಿಲು ತೆಗೆಯುತ್ತಿದ್ದೆವು. ಆಗ ಈ ರಸ್ತೆಯಲ್ಲಿ ಇಷ್ಟು ಲಾರಿಗಳಿರಲಿಲ್ಲ.

ಅದೇ ವಾರ ಪೇಟೆಯಲ್ಲಿ 220 ರೂಪಾಯಿ ಕೊಟ್ಟು ಚಾರ್ಜ್ ಮಾಡುವ ಹಿಂದಿನ ದೀಪವೊಂದನ್ನು ತಂದೆ. ಡಬ್ಬಿಯ ಮೇಲೆ ‘15 ಗಂಟೆ’ ಎಂದು ದೊಡ್ಡದಾಗಿ ಬರೆದಿತ್ತು. ಐದು ದಿನ ಚೆನ್ನಾಗಿ ಮಿನುಗಿತು. ಆರನೇ ದಿನ ಮನೆ ಮುಟ್ಟಿ ನೋಡಿದರೆ ಆರಿಹೋಗಿದೆ. ದಾರಿಯಲ್ಲಿ ಎಲ್ಲಿ ಆರಿತೋ ಗೊತ್ತಿಲ್ಲ. ಹಿಂದಿನ ದೀಪದ ಕಷ್ಟವೇ ಇದು: ಮುಂದಿನದು ಆರಿದರೆ ಆ ಕ್ಷಣವೇ ತಿಳಿಯುತ್ತದೆ, ಹಿಂದಿನದು ಆರಿದ್ದು ಸವಾರನಿಗೆ ಕಾಣುವುದೇ ಇಲ್ಲ. ದೀಪ ಇದೆ ಎಂಬ ಧೈರ್ಯದಲ್ಲಿ ಕತ್ತಲಲ್ಲಿ ಹೋಗುತ್ತಿರುತ್ತೀರಿ. ದೀಪವೇ ಇಲ್ಲ ಎಂದು ಗೊತ್ತಿದ್ದವನಾದರೂ ರಸ್ತೆ ಬಿಟ್ಟು ಬದಿಗೆ ಹೋಗುತ್ತಾನೆ.

ತಿಂಗಳು ಕಳೆಯುವಷ್ಟರಲ್ಲಿ ಅದು ಚಾರ್ಜನ್ನೇ ಹಿಡಿಯದಾಯಿತು. ಒಂದು ರವಿವಾರ ಸ್ಕ್ರೂಡ್ರೈವರ್ ತುದಿಯಿಂದ ಮೇಲಿನ ಕೆಂಪು ಪ್ಲಾಸ್ಟಿಕ್ ಎಬ್ಬಿಸಿ ಪೇಪರ್ ಮೇಲೆ ಬಿಚ್ಚಿ ಹರವಿದೆ. ಉಗುರಿನಷ್ಟು ಹಸಿರು ಬೋರ್ಡು, ಐದು ಎಲ್‌ಇಡಿ, ಬೆಳ್ಳಿ ಬಣ್ಣದ ಪುಟ್ಟ ಚೀಲದಂಥ ಬ್ಯಾಟರಿ. ಬ್ಯಾಟರಿ ಮೇಲೆ ಸಣ್ಣಕ್ಷರದಲ್ಲಿ 110 ಎಂಎಎಚ್, ಅಂದರೆ ಮಿಲಿಆಂಪಿಯರ್–ಗಂಟೆ, ಬ್ಯಾಟರಿ ಎಷ್ಟು ಕರೆಂಟು ಹಿಡಿದಿಡುತ್ತದೆ ಎಂಬ ಅಳತೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲಾಗಿ, ಒಳಗಿನ ಹಿತ್ತಾಳೆ ಎಳೆಗಳಿಗೆ ಹಸಿರು ಕಿಲುಬು. ಬೋರ್ಡಿನ ಮೂಲೆಯಲ್ಲಿ ಗೇಟಿನಲ್ಲಿ ಸೈಕಲ್ ತೊಳೆದಾಗ ಒಳಹೊಕ್ಕ ನೀರಿನ ಕಲೆ, ಅದರ ಮೇಲೆ ಅದೇ ಕರಿ ಧೂಳು.

ಮಗ ಹತ್ತನೇ ಇಯತ್ತೆ. ಅವನೂ ನಾನೂ ಕೂತು ಲೆಕ್ಕ ಹಾಕಿದೆವು. ಇಂಥ ಬ್ಯಾಟರಿ 3.7 ವೋಲ್ಟ್‌ನದು. 110 ಎಂಎಎಚ್ ಅಂದರೆ ಸುಮಾರು 0.4 ವ್ಯಾಟ್–ಗಂಟೆ. ದೂರಕ್ಕೆ ಕಾಣುವಂತೆ ಉರಿಯಲು ಅರ್ಧ ವ್ಯಾಟ್ ಎಳೆದರೂ ಒಂದು ಗಂಟೆ ತಲುಪುವುದಿಲ್ಲ. ಹಾಗಾದರೆ 15 ಗಂಟೆ ಎಲ್ಲಿಂದ ಬಂತು? ಅದು ಎಲ್ಲಕ್ಕಿಂತ ಮಂದವಾಗಿ, ಬಿಟ್ಟು ಬಿಟ್ಟು ಮಿನುಗುವ ಮೋಡಿನ ಲೆಕ್ಕ. ಮಿನುಗುವ ದೀಪ ಬಹುಪಾಲು ಹೊತ್ತು ಆರಿಯೇ ಇರುತ್ತದಲ್ಲ. ಇದು ತಿಳಿದ ಮೇಲೆ ಡಬ್ಬಿ ಮೇಲಿನ ದೊಡ್ಡ ಅಂಕಿ ನೋಡುವುದನ್ನು ಬಿಟ್ಟೆ. ಎಡೆಬಿಡದೆ ಉರಿಯುವ ಮೋಡಿನಲ್ಲಿ ಎಷ್ಟು ಗಂಟೆ, ಬ್ಯಾಟರಿ ಎಷ್ಟು ಎಂಎಎಚ್, ಇವೆರಡನ್ನು ಹುಡುಕುತ್ತೇನೆ. ಅವೆರಡನ್ನು ಬರೆಯದ ದೀಪ ನನಗೆ ಬೇಡ.

ಹೊಸದು ಕೊಳ್ಳುವ ಮುಂಚೆ ಒಬ್ಬರನ್ನು ಕೇಳಿದೆ. ನಮ್ಮಲ್ಲಿ ಒಬ್ಬ ಎಂಜಿನಿಯರ್ ಇದ್ದಾರೆ, ರವಿವಾರ ಬಂತೆಂದರೆ ಆನೆಗೊಂದಿಯವರೆಗೆ ಸೈಕಲ್ ಹೊಡೆದು ಬರುವವರು. ಅವರು ಲ್ಯೂಮೆನ್ ಅಂದರೇನು ಎಂಬುದನ್ನು ವೇ ಬ್ರಿಡ್ಜ್ ಕೋಣೆಯಲ್ಲೇ ಟಾರ್ಚ್ ಹಿಡಿದು ತೋರಿಸಿದರು. ದೀಪದಿಂದ ಹೊರಬೀಳುವ ಒಟ್ಟು ಬೆಳಕು ಲ್ಯೂಮೆನ್. ಒಂದೇ ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಎಂಬುದು ಕ್ಯಾಂಡೆಲಾ. ಒಂದು ಕೊಡ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಬಹುದು, ಪೈಪಿನಲ್ಲಿ ಒಂದೇ ಗಿಡಕ್ಕೂ ಬಿಡಬಹುದು, ನೀರು ಅಷ್ಟೇ. ಹಿಂದಿನ ದೀಪಕ್ಕೆ ಎರಡೂ ಬೇಕು: ನೇರ ಹಿಂದಕ್ಕೆ ದೂರ ಹೋಗುವ ಗಟ್ಟಿ ಬೆಳಕು, ಅಶೋಕ ವೃತ್ತದಂಥ ಕಡೆ ಪಕ್ಕದಿಂದ ಬರುವವರಿಗೂ ಕಾಣುವಷ್ಟು ಅಗಲ. ತಮ್ಮ ದುಬಾರಿ ದೀಪವನ್ನು ನೋಡು ಎಂದು ಎರಡು ದಿನಕ್ಕೆ ಕೊಟ್ಟರು. ಅವರ ಬಳಿ ಗಾರ್ಮಿನ್ ವೇರಿಯಾ ಕೂಡ ಇದೆ, ದೀಪದ ಜೊತೆ ರೇಡಾರ್. ಹಿಂದಿನಿಂದ ಬರುವ ವಾಹನವನ್ನು 140 ಮೀಟರ್ ದೂರದಲ್ಲೇ ಹಿಡಿದು ಸವಾರನಿಗೆ ತಿಳಿಸುತ್ತದೆ. ಆದರೆ ಅದರ ಬೆಲೆಗೆ ನನ್ನ ಸೈಕಲ್ಲಿನಂಥವು ಎರಡು ಬರುತ್ತವೆ. ಹಿಂದೆ ವಾಹನ ಬರುತ್ತಿರುವುದು ಈ ರಸ್ತೆಯಲ್ಲಿ ನನಗೆ ಕಿವಿಯಿಂದಲೇ ಗೊತ್ತಾಗುತ್ತದೆ. ನಾನಿರುವುದು ಅವರಿಗೆ ಗೊತ್ತಾಗಬೇಕಿತ್ತು.

ಹಾಗಿದ್ದರೆ ಅವರನ್ನೇ ಕೇಳುವುದು ವಾಸಿಯಲ್ಲವೇ? ದಿನಕ್ಕೆ ನೂರಾರು ಡ್ರೈವರ್‌ಗಳು ನನ್ನ ಕಿಟಕಿ ಮುಂದೆ ಚೀಟಿಗೆ ನಿಲ್ಲುತ್ತಾರೆ. ಆ ಚಹಾದಂಗಡಿಯ ಡ್ರೈವರ್ ಕೂಡ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅಷ್ಟೊತ್ತಿಗೆ ನನಗೆ ಅವರು ಕಾಕಾ ಆಗಿದ್ದರು. “ಕಾಕಾ, ಒಂದು ಅರ್ಧ ತಾಸು ನನಗ ಕೊಡ್ರಿ, ನಿಮ್ಮ ಸೀಟಿನ ಮ್ಯಾಲಿಂದ ನನ್ನ ಸೈಕಲ್ ನೋಡಬೇಕಾಗೇತಿ” ಅಂದೆ. ಏಕೆ ಎಂದು ಕೇಳಲಿಲ್ಲ. “ರಾತ್ರಿ ಲೋಡ್ ಆಗೂದು ತಡಾ ಐತಿ, ಬಾ” ಅಂದರು.

ಬಿ ಶಿಫ್ಟ್ ಮುಗಿಸಿ ಹತ್ತೂಕಾಲಿಗೆ ಲಾರಿ ಹತ್ತಿದೆ. ಅಷ್ಟು ವರ್ಷ ಲಾರಿ ತೂಗಿದ್ದೇನೆ, ರಾತ್ರಿ ಹೊತ್ತು ಕ್ಯಾಬಿನ್ನಿನಲ್ಲಿ ಕೂತದ್ದು ಅದೇ ಮೊದಲು. ಮುಂದೆ ಹುಲಿಗೆಮ್ಮನ ಫೋಟೊ, ಬಾಡಿದ ಸೇವಂತಿಗೆ ಸರ. ಗಾಜಿನ ಮೇಲೆ ವೈಪರ್ ಓಡಿದಷ್ಟು ಕಮಾನು ಮಾತ್ರ ಶುಭ್ರ, ಅದರಾಚೆ ಮಣ್ಣಿನ ತೆರೆ. ಶುಭ್ರವಾದ ಕಡೆಯೂ ವರ್ಷಗಟ್ಟಲೆ ವೈಪರ್ ಗೀರಿದ ಸಣ್ಣ ಗೆರೆಗಳು. ದೂರದ ಒಂದೊಂದು ದೀಪವೂ ಆ ಗೆರೆಗಳಲ್ಲಿ ಒಡೆದು ಕಡ್ಡಿ ಕಡ್ಡಿಯಾಗಿ ಹರಡುತ್ತಿತ್ತು. ಸೀಟು ಎಷ್ಟು ಎತ್ತರವೆಂದರೆ ಹತ್ತಿರದ ನೆಲವೇ ಕಾಣುವುದಿಲ್ಲ. ಇಲ್ಲಿ ಕೂತು ಅವರು ನನ್ನನ್ನು ಹುಡುಕಬೇಕಿತ್ತು.

ಕ್ಯಾಂಟೀನಿನ ಹುಡುಗ ನನ್ನ ಸೈಕಲ್ ತಗೊಂಡು ಲಾರಿ ಅಂಗಳದ ಮುಂದಿನ ಖಾಲಿ ರಸ್ತೆಗೆ ಹೋದ. ಹೆಜ್ಜೆ ಎಣಿಸಿ 50, 100, 200 ಮೀಟರಿಗೆ ಸುಣ್ಣದ ಗುರುತು ಹಾಕಿದ್ದೆವು. ಕೈಯಲ್ಲಿ ಮೂರು ದೀಪ: ಅದೇ 220 ರೂಪಾಯಿಯ ಇನ್ನೊಂದು, ಎಂಜಿನಿಯರ್ ಸಾಹೇಬರ ನೂರು ಲ್ಯೂಮೆನ್ ದಾಟಿದ್ದು, ಮತ್ತು ನಾನು ಕೊಳ್ಳಬೇಕೆಂದಿದ್ದ ಬಗೆಯದೇ ನಡುವಿನದೊಂದು. ಈ ಕೊನೆಯದು ಮತ್ತೊಬ್ಬ ಸಹೋದ್ಯೋಗಿಯಿಂದ ಇಸಿದುಕೊಂಡದ್ದು.

ಅಗ್ಗದ ದೀಪ 100 ಮೀಟರಿನವರೆಗೆ ಕಂಡಿತು. ಅಷ್ಟರಲ್ಲಿ ಗೇಟಿನಿಂದ ಇನ್ನೊಂದು ಲಾರಿ ಹೆಡ್‌ಲೈಟ್ ಹಾಕಿಕೊಂಡು ಎದುರು ಬಂತು. ದೀಪ ಇದ್ದ ಜಾಗವೇ ಅಳಿಸಿಹೋಯಿತು. ಅದು ದಾಟಿದ ಮೇಲೂ ಎರಡು ಮೂರು ಕ್ಷಣ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಕಾಕಾ ಏನೂ ಹೇಳಲಿಲ್ಲ, ನನ್ನ ಕಡೆ ನೋಡಿದರು ಅಷ್ಟೇ.

ದುಬಾರಿಯದನ್ನು ಜೋರು ಮಿನುಗುವ ಮೋಡಿನಲ್ಲಿ 200 ಮೀಟರಿಗೆ ಇರಿಸಿದಾಗ ಕ್ಯಾಬಿನ್ ಒಳಗೇ ಕೆಂಪು ಚಿಮ್ಮಿದಂತಾಯಿತು. ನಾನು ಖುಷಿಯಾದೆ. ಕಾಕಾ ಮಾತ್ರ ಕಣ್ಣು ಕಿರಿದು ಮಾಡಿ, “ಕಾಣತೈತಿ, ಬರೋಬ್ಬರಿ. ಆದ್ರ ಎಷ್ಟು ದೂರ ಐತಿ ಹೇಳು?” ಅಂದರು. ಹುಡುಗ ಎಲ್ಲಿ ನಿಂತಿದ್ದಾನೆಂದು ಗೊತ್ತಿದ್ದೂ ನನಗೆ ಅದು ಕಣ್ಣಳತೆಗೆ ಸಿಗಲಿಲ್ಲ. ಪ್ರತಿ ಸಲ ಹೊತ್ತಿದಾಗ ಒಂದು ಕಡೆ ಇದ್ದಂತೆ, ಮುಂದಿನ ಸಲ ಇನ್ನೊಂದು ಕಡೆ ಇದ್ದಂತೆ. “ಹಿಂಗ ಬಡಕೊಳ್ಳೂ ಲೈಟು ರಸ್ತೆ ಕೆಲಸದ ಬ್ಯಾರಿಕೇಡಿಗೂ ಇರತಾವು. ಅದು ನಿಂತಿದ್ದು, ನೀ ಹೊಂಟವನು. ನಾ ಏನಂತ ತಿಳಕೋಬೇಕು?” 50 ಮೀಟರಿಗೆ ಕರೆಸಿದಾಗ ಆತ ಕೈ ಅಡ್ಡ ಹಿಡಿದರು. ಕಣ್ಣು ಚುಚ್ಚುತ್ತಿತ್ತು. ಅದರ ಸುತ್ತಲಿನ ರಸ್ತೆಯೆಲ್ಲ ಕಪ್ಪು.

ನಡುವಿನ ದೀಪವನ್ನು ಎಡೆಬಿಡದೆ ಉರಿಯುವಂತೆ ಇಟ್ಟಾಗ 200 ಮೀಟರಿನಲ್ಲೂ ಸಣ್ಣ ಕೆಂಡದಂತೆ ಕಂಡಿತು. ಹುಡುಗ ನಡೆಸಿಕೊಂಡು ಬಂದ ಹಾಗೆ ಕೆಂಡ ದೊಡ್ಡದಾಗುತ್ತ ಬಂತು, ದೂರ ಕಣ್ಣಿಗೆ ತಾನೇ ಸಿಕ್ಕಿತು. ಅದರಲ್ಲಿ ಇನ್ನೊಂದು ಮೋಡ್ ಇತ್ತು: ಪೂರ್ತಿ ಆರುವುದಿಲ್ಲ, ಮಂದವಾಗಿ ಉರಿಯುತ್ತಲೇ ನಡುನಡುವೆ ಒಮ್ಮೆ ಪ್ರಖರವಾಗುತ್ತದೆ. ಅದನ್ನು ಕಂಡ ಕೂಡಲೇ ಕಾಕಾ ಸ್ಟೀರಿಂಗ್ ಮೇಲೆ ಬೆರಳು ಬಡಿದು, “ಇದು ನೋಡು. ಕರೀತೈತಿ, ಎಲ್ಲಿದ್ದೀನಿ ಅಂತಾನೂ ಹೇಳತೈತಿ” ಅಂದರು.

ಕೊನೆಗೆ ಹುಡುಗನಿಗೆ ಸೈಕಲ್ ಹೊಡೆದುಕೊಂಡು ದೂರ ಹೋಗಲು ಹೇಳಿದೆ. ಆಗ ಎರಡು ಸಂಗತಿ ನಡೆದವು. ಪೆಡಲಿನ ಹಳದಿ ರಿಫ್ಲೆಕ್ಟರ್‌ಗಳನ್ನು ನಾನು ಅವತ್ತೇ ಒರೆಸಿದ್ದೆ. ಲಾರಿಯ ಡಿಮ್ ಬೆಳಕಿನಲ್ಲಿ ಅವು ಒಂದು ಮೇಲೆ ಒಂದು ಕೆಳಗೆ ಆಡತೊಡಗಿದವು. “ಸೈಕಲ್ಲು!” ಅಂದರು ಕಾಕಾ. ಅಲ್ಲಿಯವರೆಗೆ ನೋಡಿದ್ದಕ್ಕೆಲ್ಲ ಅವರು ‘ಲೈಟು’ ಅನ್ನುತ್ತಿದ್ದರು, ‘ಸೈಕಲ್ಲು’ ಅಂದದ್ದು ಅದೇ ಮೊದಲು. ತುಳಿಯುವ ಕಾಲಿನ ಚಲನೆಯನ್ನು ಮನುಷ್ಯನ ಕಣ್ಣು ಬಲುಬೇಗ ಗುರುತು ಹಿಡಿಯುತ್ತದೆ. ಮರುದಿನವೇ ಹತ್ತು ರೂಪಾಯಿಯ ರೇಡಿಯಂ ಪಟ್ಟಿ ತಂದು ಬೂಟಿನ ಹಿಮ್ಮಡಿಗೂ ಪೆಡಲಿನ ಎರಡೂ ಬದಿಗೂ ಅಂಟಿಸಿದೆ. ಈ ಇಡೀ ಖರ್ಚಿನಲ್ಲಿ ಅಷ್ಟು ಕಡಿಮೆಗೆ ಅಷ್ಟು ದೊಡ್ಡ ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಎರಡನೆಯದು: 100 ಮೀಟರ್ ದಾಟುತ್ತಿದ್ದಂತೆ ದೀಪ ಒಮ್ಮೆಲೇ ಮಂಕಾಯಿತು. ಚಾರ್ಜ್ ಹೋಯಿತೇನೋ ಅಂದುಕೊಂಡೆ. ಇಳಿದು ಹೋಗಿ ನೋಡಿದರೆ ತಗ್ಗಿಗೆ ಬಿದ್ದ ಹೊಡೆತಕ್ಕೆ ದೀಪ ನೆಲದ ಕಡೆ ಬಾಗಿತ್ತು, ಎರಡು ಬೆರಳಿನಷ್ಟು. ಹುಡುಗ ಬೆರಳಿನಿಂದ ಮೇಲಕ್ಕೆ ಒತ್ತಿದ. ಕಾಕಾ ಅಲ್ಲಿಂದಲೇ ಒಮ್ಮೆ ಹಾರ್ನ್ ಹೊಡೆದರು, ಮತ್ತೆ ಕಂಡಿತೆಂದು. ಲೆನ್ಸು ಬೆಳಕನ್ನೆಲ್ಲ ನಡುವಿಗೆ ಕೂಡಿಸಿ ಕಳಿಸುತ್ತದೆ. ಆ ನಡುವು ರಸ್ತೆಗೆ ಬಿದ್ದರೆ ನೂರು ಲ್ಯೂಮೆನ್ನೂ ಅಷ್ಟೇ, ಹತ್ತೂ ಅಷ್ಟೇ.

ಮನೆಗೆ ಬಂದು ಲೆಕ್ಕ ಬರೆದೆ. ಲಾರಿ ಗಂಟೆಗೆ 60 ಕಿಲೋಮೀಟರ್, ನಾನು 15. ಅಂದರೆ ಅದು ನನಗೆ ಗಂಟೆಗೆ 45ರಂತೆ ಹತ್ತಿರವಾಗುತ್ತದೆ, ಸೆಕೆಂಡಿಗೆ ಹನ್ನೆರಡೂವರೆ ಮೀಟರ್. 40 ಮೀಟರಿನಲ್ಲಿ ಕಂಡರೆ ಡ್ರೈವರ್‌ಗೆ ಸಿಗುವುದು ಮೂರು ಸೆಕೆಂಡ್. ತುಂಬಿದ ಲಾರಿಯನ್ನು ಅಷ್ಟರಲ್ಲಿ ಪಕ್ಕಕ್ಕೆ ತರಬೇಕು. 200 ಮೀಟರಿನಲ್ಲಿ ಕಂಡರೆ 16 ಸೆಕೆಂಡ್, ಕನ್ನಡಿ ನೋಡಿ ಇಂಡಿಕೇಟರ್ ಹಾಕಿ ನಿರಾಳವಾಗಿ ಬಲಕ್ಕೆ ಹೋಗಬಹುದು. ಆ ಮೂರು ಸೆಕೆಂಡಿನಲ್ಲಿ ನಾನು ಉಳಿದದ್ದು ಆ ಡ್ರೈವರ್‌ನ ಕೈಚಳಕದಿಂದ. ಅದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ.

ಮಿನುಗುವುದೋ ಉರಿಯುವುದೋ ಎಂಬ ಮಾತಿಗೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ. ಜರ್ಮನಿಯಲ್ಲಿ ಸೈಕಲ್ಲಿನ ಹಿಂದೆ ಮಿನುಗುವ ದೀಪಕ್ಕೆ ಕಾನೂನೇ ಒಪ್ಪುವುದಿಲ್ಲ, ಎಡೆಬಿಡದೆ ಉರಿಯಬೇಕು. ಬೇರೆ ಎಷ್ಟೋ ಕಡೆ ಮಿನುಗಿಸಬಹುದು. ಹಗಲಿನಲ್ಲಿ, ಮಬ್ಬು ಮೋಡದಲ್ಲಿ ಮಿನುಗುವುದು ಗಮನ ಸೆಳೆಯುತ್ತದೆ, ನಿಜ. ಕಗ್ಗತ್ತಲ ಹೆದ್ದಾರಿಗೆ ನನ್ನ ಆಯ್ಕೆ ಉರಿಯುತ್ತಲೇ ನಾಡಿ ಬಡಿಯುವಂಥದ್ದು.

ಕೊಂಡದ್ದು 950 ರೂಪಾಯಿಯ ದೀಪ. 500 ಎಂಎಎಚ್ ಬ್ಯಾಟರಿ, 50 ಲ್ಯೂಮೆನ್, ಐಪಿ65. ಈ ಕೊನೆಯ ಅಂಕಿಯ ಮೇಲೆ ಸ್ವಲ್ಪ ಹೇಳಬೇಕು. ಐಪಿ ನಂತರದ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಬಹಳ ದೀಪಗಳ ಮೇಲೆ ಐಪಿಎಕ್ಸ್4 ಅಂತಿರುತ್ತದೆ. 4 ಅಂದರೆ ಸುತ್ತಲಿಂದ ಸಿಡಿಯುವ ನೀರು ತಡೆಯುತ್ತದೆ. ಆ ಎಕ್ಸ್ ಅಂದರೆ ಧೂಳಿನ ಅಂಕಿಯನ್ನು ಅವರು ಕೊಟ್ಟೇ ಇಲ್ಲ. ಮಳೆನಾಡಿನವರಿಗೆ ಅದು ನಡೆದೀತು. ನಮ್ಮ ಕೊಪ್ಪಳದಲ್ಲಿ ಮಳೆ ಎಷ್ಟು ದಿನ ಬರುತ್ತದೆ? ಧೂಳು ವರ್ಷವಿಡೀ. ಮೊದಲ ಅಂಕಿ 6 ಇದ್ದರೆ ಧೂಳು ಒಳಗೆ ಹೋಗುವುದಿಲ್ಲ ಎಂದರ್ಥ. ಆ 6 ಸಿಗುವವರೆಗೆ ನಾನು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ.

ಬಂದ ದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಜೋರು ಉರಿಯುವ ಮೋಡಿನಲ್ಲಿ ಜೋಳದ ಡಬ್ಬಿ ಮೇಲಿಟ್ಟೆ. ಹಚ್ಚಿದ್ದು 9.10ಕ್ಕೆ. ಬರೆದಿದ್ದು 3 ಗಂಟೆ. ಮಗ ಅರ್ಧ ತಾಸಿಗೊಮ್ಮೆ ಎದ್ದು ಎದುರಿನ ಗೋಡೆಯ ಮೇಲೆ ಬಿದ್ದ ಕೆಂಪಿನ ಫೋಟೊ ತೆಗೆದ. ನೀರು ಕುಡಿಯಲು ಎದ್ದ ಅವ್ವ, “ಇದೇನೋ, ದೇವರ ಮನಿ ದೀಪ ಇಲ್ಲಿಗೆ ತಂದಿಟ್ಟೀರಿ?” ಅಂದಳು. 11.50ಕ್ಕೆ ಬೆಳಕು ಇಳಿಯಿತು, 2 ಗಂಟೆ 40 ನಿಮಿಷ. ನಾಡಿ ಬಡಿಯುವ ಮೋಡಿನಲ್ಲಿ ಏಳೂವರೆ ಗಂಟೆ ಬಂತು. ನನ್ನ ಕತ್ತಲಿನ ಸವಾರಿ ದಿನಕ್ಕೆ ಮುಕ್ಕಾಲು ತಾಸು, ವಾರಕ್ಕೆ ನಾಲ್ಕೂವರೆ. ಒಂದು ಚಾರ್ಜಿಗೆ ವಾರ ದಾಟುತ್ತದೆ. ಆದರೂ ಬುಧವಾರ, ರವಿವಾರ ಎರಡು ದಿನ ಚಾರ್ಜಿಗೆ ಹಾಕುತ್ತೇನೆ. ಬ್ಯಾಟರಿ ಹಳತಾದಂತೆ ಈ ಏಳೂವರೆ ಇಳಿಯುತ್ತದೆ, ಅದು ಗೊತ್ತಿದ್ದದ್ದೇ.

ಚಾರ್ಜಿನಲ್ಲೇ ಒಂದು ತೊಡಕು ಎದುರಾಯಿತು. ದೀಪಕ್ಕೆ ಟೈಪ್–ಸಿ ತೂತು. ಮಗಳ ಹೊಸ ಫೋನಿನ ಚಾರ್ಜರ್, ಎರಡೂ ತುದಿಗೆ ಸಿ ಇರುವ ವೈರು. ಹಾಕಿದರೆ ದೀಪ ಕಣ್ಣೇ ಬಿಡಲಿಲ್ಲ. ಕೆಟ್ಟಿದ್ದು ಬಂದಿದೆ ಎಂದು ವಾಪಸ್ ಕಳಿಸಲು ಡಬ್ಬಿಗೆ ಹಾಕಿಯೂ ಆಗಿತ್ತು. ಎಂಜಿನಿಯರ್ ಸಾಹೇಬರು ಫೋನಿನಲ್ಲಿ “ಹಳೇ ಅಗಲ ಯುಎಸ್‌ಬಿ ಚಾರ್ಜರ್ ಹಾಕಿ ನೋಡ್ರಿ” ಅಂದರು. ಹಾಕಿದೊಡನೆ ಕೆಂಪು ಚುಕ್ಕೆ ಹೊತ್ತಿತು. ಸಿ–ಸಿ ವೈರಿನಲ್ಲಿ ಚಾರ್ಜರ್ ಮೊದಲು ಆ ಕಡೆ ಏನಿದೆ ಎಂದು ಕೇಳಿಕೊಂಡು ಆಮೇಲೆ ಕರೆಂಟು ಬಿಡುತ್ತದೆ. ಉತ್ತರ ಕೊಡಲು ದೀಪದ ಬೋರ್ಡಿನಲ್ಲಿ ಎರಡು ಪುಟ್ಟ ರೆಸಿಸ್ಟರ್ ಬೇಕು. ಸಣ್ಣ ಸಾಮಾನು ಮಾಡುವವರು ಬಹಳ ಸಲ ಅದನ್ನು ಬಿಟ್ಟುಬಿಡುತ್ತಾರೆ. ಹಳೇ ಚಾರ್ಜರ್ ಏನೂ ಕೇಳುವುದಿಲ್ಲ, 5 ವೋಲ್ಟ್ ಕೊಟ್ಟುಬಿಡುತ್ತದೆ. ದೀಪ ಸತ್ತಿದೆ ಎಂದು ಎಸೆಯುವ ಮೊದಲು ಇದೊಂದನ್ನು ನೋಡಿ.

ಕೂರಿಸುವುದೇ ಎಲ್ಲಕ್ಕಿಂತ ಹೆಚ್ಚು ದಿನ ತಿಂದಿತು. ಈ ದೀಪಗಳನ್ನು ಮಾಡುವುದು ಸೀಟಿನ ಕೆಳಗಿನ ಪೈಪಿಗೆ ಕಟ್ಟಲು. ನನ್ನಂಥವರ ಸೈಕಲ್ಲಿನಲ್ಲಿ ಅದರ ಹಿಂದೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಚೀಲ, ಬುತ್ತಿ. ಅಲ್ಲಿ ಕಟ್ಟಿದರೆ ದೀಪ ಬುತ್ತಿ ಡಬ್ಬಿಗೆ ಬೆಳಕು ಬಿಡುತ್ತದೆ. ಗಡಿಯಾರ ಕಂಬದ ಕಡೆಯ ಸೈಕಲ್ ಮಿಸ್ತ್ರಿ ಹಳೇ ಮಡ್‌ಗಾರ್ಡಿನ ಕಂಬಿಯೊಂದನ್ನು ಬಗ್ಗಿಸಿ, ಕ್ಯಾರಿಯರ್ ಹಿಂತುದಿಗೆ ನಟ್ಟು ಹಾಕಿ, ಗೇಣುದ್ದದ ನೆಟ್ಟಗಿನ ಕೋಲು ಮಾಡಿಕೊಟ್ಟರು. ಅದರ ಮೇಲೆ ಹಳೇ ಟ್ಯೂಬಿನ ತುಂಡು ಎರಡು ಸುತ್ತು. ಸುತ್ತಿದ ರಬ್ಬರಿಗೆ ದೀಪದ ಪಟ್ಟಿ ಕಚ್ಚಿಕೊಂಡು ತಗ್ಗು ದಿಬ್ಬಕ್ಕೂ ಜಗ್ಗುವುದಿಲ್ಲ. “ದುಡ್ಡು ಬ್ಯಾಡ್ರಿ, ಇದು ನಿಮ್ಮ ಜೀವದ್ದು” ಅಂದರು. ಒತ್ತಾಯ ಮಾಡಿ ಐವತ್ತು ರೂಪಾಯಿ ಕೊಟ್ಟು ಬಂದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳು ನಮ್ಮ ಸೈಕಲ್ ನಿಲ್ಲುವ ತಗಡಿನ ಶೆಡ್ ಕೆಳಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ. ಲಿಥಿಯಂ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ, 45 ಡಿಗ್ರಿ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡುವುದಂತೂ ಕೂಡದು. ಹಾಗಾಗಿ ಸೈಕಲ್ ನಿಲ್ಲಿಸಿದ ಕೂಡಲೇ ದೀಪ ಬಿಚ್ಚಿ ಬುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮನೆಗೆ ಬಂದು, ಅದು ತಣ್ಣಗಾದ ಮೇಲೆ ರಾತ್ರಿ ಚಾರ್ಜಿಗೆ. ಬೆಳಿಗ್ಗೆ ಹೊರಡುವಾಗ ಅಂಗಿಯ ತುದಿಯಿಂದ ಲೆನ್ಸು ಒರೆಸಿ, ಹಚ್ಚಿ, ಸೈಕಲ್ಲಿನ ಹಿಂದೆ ಹತ್ತು ಹೆಜ್ಜೆ ಹೋಗಿ ಒಮ್ಮೆ ನೋಡುತ್ತೇನೆ. ಜೊತೆಗೆ ಕಾಯಿನ್ ಸೆಲ್ಲಿನ ಪುಟ್ಟ ದೀಪವೊಂದನ್ನು ಚೀಲದ ಪಟ್ಟಿಗೆ ಸಿಕ್ಕಿಸಿದ್ದೇನೆ. ದೊಡ್ಡದು ನಡುದಾರಿಯಲ್ಲಿ ಕೈಕೊಟ್ಟರೂ ಬೆನ್ನು ಪೂರ್ತಿ ಕತ್ತಲಾಗಬಾರದು.

ಎರಡು ತಿಂಗಳಾಯಿತು. ಕ್ಯಾಂಟೀನಿನ ಹುಡುಗನೂ ತನ್ನ ಸಂಬಳದಲ್ಲಿ ಒಂದು ದೀಪ ತಂದಿದ್ದಾನೆ, ಅವನು ಹಿಟ್ನಾಳ ಕಡೆಯಿಂದ ಬರುವವನು. ನಿನ್ನೆ ರಾತ್ರಿ ಶೆಡ್ಡಿನಲ್ಲಿ ಅವನ ಸೈಕಲ್ ಹಿಂದೆ ನಿಂತಾಗ ದೀಪ ಜೋರಾಗಿಯೇ ಉರಿಯುತ್ತಿತ್ತು, ಬೆಳಕೆಲ್ಲ ಹಿಂದಿನ ಟೈರಿನ ಮೇಲೆ. “ನಿಂದರು ತಮ್ಮಾ” ಅಂದು ಜೇಬಿನಲ್ಲಿದ್ದ ಟ್ಯೂಬಿನ ತುಂಡನ್ನು ನಾಲ್ಕು ಮಡಿಕೆ ಮಾಡಿ ದೀಪದ ಕೆಳಗೆ ತುರುಕಿದೆ. ಗೇಟಿನವರೆಗೆ ಹೋಗಿ ನಿಂತು ನೋಡಿದೆ. ಇನ್ನೂ ಕೊಂಚ ಮೇಲಕ್ಕೆ ಎಂದು ಕೈಮಾಡಿದೆ. ಅವನು ಹೆಬ್ಬೆರಳಿನಿಂದ ಒತ್ತಿದ. ಈಗ ಸರಿಯಾಯಿತು ಎಂದು ಕೂಗಿದೆ, ಅವನು ಬುತ್ತಿ ಕಟ್ಟಿಕೊಂಡು ಹೊರಟ.